ಸೀಗಡಿ ಡಬ್ಬಿಯ ಮೇಲೆ ಅವ್ವನ ಮುಖ

ಆ ಮನುಷ್ಯ ಸಂತೆಯಲ್ಲಿ ನಮ್ಮಿಂದ ಕೊಂಡ ಡಬ್ಬಿಯ ಮುಚ್ಚಳ ತೆಗೆದು ಒಂದು ಚಿಟಿಕೆ ಪುಡಿ ಬಾಯಿಗೆ ಹಾಕಿಕೊಂಡು ಚಪ್ಪರಿಸುತ್ತಿದ್ದ. ಚಪ್ಪರಿಸುತ್ತಲೇ ಕೇಳಿದ.

“ಯಾವೂರವ್ವಾ ನಿಮ್ದು?”

“ಚನ್ನಗಿರಿ ಕಡೆ ಗೌಡ್ರೇ, ಸೂಳೆಕೆರೆ ಪಕ್ಕ,” ಎಂದಳು ಅವ್ವ.

“ಅದು ಸರಿ. ಊರೊಳಗೋ, ಊರ ಹೊರಗೋ?”

ಅವ್ವ ತಕ್ಕಡಿಯ ಹಗ್ಗ ಸರಿಮಾಡುವವಳಂತೆ ತಲೆ ತಗ್ಗಿಸಿದಳು. ನಾನೇ ಹೇಳಿದೆ.

“ಹೊರಗೆ. ಮಾದಿಗ್ರ ಕೇರಿ. ಯಾಕೆ?”

ಅವನು ಪಕ್ಕಕ್ಕೆ ತಿರುಗಿ ಉಗುಳಿದ. ಆಮೇಲೆ ಡಬ್ಬಿಗೆ ಮುಚ್ಚಳ ಹಾಕಿ ನಮ್ಮ ಗೋಣಿಚೀಲದ ಅಂಚಿಗೆ ಇಟ್ಟ. ಎಸೆಯಲಿಲ್ಲ. ಎಸೆದಿದ್ದರೆ ಜಗಳಕ್ಕೆ ಬೀಳಬಹುದಿತ್ತು. ಮೊಟ್ಟೆಯನ್ನು ಇಟ್ಟ ಹಾಗೆ ಮೆಲ್ಲಗೆ ಇಟ್ಟ.

“ಇದು ಬ್ಯಾಡ. ನನ್ನ ರೊಕ್ಕ ಕೊಟ್ಬಿಡು,” ಎಂದ.

“ಒಣಸೀಗಡಿ ನಮ್ಮ ಹತ್ರನೇ ಒಯ್ತೀರಲ್ಲ ಗೌಡ್ರೇ. ಹೋದ ಸಂತೇಲೂ ಒಯ್ದ್ರಿ.”

“ಅದು ಹಸೀದು ಕಣವ್ವಾ. ಮನೇಲಿ ತೊಳ್ಕಂತೀವಿ, ನಮ್ಮ ಒಲೆ ಮ್ಯಾಲೆ ಇಡ್ತೀವಿ. ಇದು ನೀನು ಹುರ್ದಿರೋದು. ಬೆಂದಿರೋದನ್ನ ನಿಮ್ಮ ಕೈಯಿಂದ ತಿನ್ನಾಕೆ ಆಗ್ತದಾ? ನೀನೇ ಹೇಳು.”

“ಈಗ ತಿಂದ್ರಲ್ಲ,” ಎಂದೆ ನಾನು.

“ಗೊತ್ತಿಲ್ದೆ ತಿಂದೆ ಕಣಪ್ಪ. ಗೊತ್ತಾದ ಮ್ಯಾಲೆ ಹೆಂಗೆ ತಿನ್ಲಿ?”

ಅವನಿಗೆ ಸಿಟ್ಟು ಬಂದಿರಲಿಲ್ಲ. ನಮ್ಮನ್ನು ಬೈಯಲೂ ಇಲ್ಲ. ಅದೇ ಮನುಷ್ಯ ನಮ್ಮ ಬುಟ್ಟಿ ಕಡೆ ಬೆರಳು ತೋರಿಸಿ, “ಬೇಕಾದ್ರೆ ಆ ಒಣಸೀಗಡಿ ಕೊಡು,” ಎಂದ. ಅವ್ವ ತೂಗಿ, ಮುತ್ತುಗದ ಎಲೆಯಲ್ಲಿ ಕಟ್ಟಿ ಕೊಟ್ಟಳು. ಹೋಗುವಾಗ, “ಮಾಲು ಚೊಲೋ ಇರ್ತೈತೆ ನಿಮ್ದು,” ಎಂದು ಹೇಳಿ ಹೋದ.

ಜಗಳೂರು ಸಂತೆಯಲ್ಲಿ ಆ ದಿನ ಮತ್ತೆ ಒಂದು ಡಬ್ಬಿಯೂ ಹೋಗಲಿಲ್ಲ. ಅವನು ಯಾರಿಗೂ ಕೂಗಿ ಹೇಳಿದವನಲ್ಲ. ಉಗುಳಿದ್ದನ್ನು ಪಕ್ಕದವರು ನೋಡಿದ್ದರು, ಅಷ್ಟೆ. ಎಲೆಯಲ್ಲಿ ಕಟ್ಟುವ ಮಾಲು ಮಾತ್ರ ಸಂಜೆಯೊಳಗೆ ಖಾಲಿಯಾಯಿತು. ಡಬ್ಬಿಗಳನ್ನು ತಿರುಗಿ ಚೀಲಕ್ಕೆ ತುಂಬುವಾಗ ಪ್ರತಿ ಡಬ್ಬಿಯ ಮೇಲೂ ಅವ್ವನ ಮುಖ. ಚೀಲದೊಳಗೆ ಒಂದರ ಮೇಲೊಂದು ಅವ್ವನನ್ನು ಇಟ್ಟು ಬಾಯಿ ಕಟ್ಟಿದೆ.

ಈ ಡಬ್ಬಿ ಹೇಗೆ ಬಂತು ಎಂದು ಹೇಳಬೇಕು. ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನಾವು ಮೀನು ಹಿಡಿಯುವವರಲ್ಲ. ಕೆರೆಯಲ್ಲಿ ಬಲೆ ಬೀಸುವವರು ಬೇರೆ ಜನ. ಅವರು ದೊಡ್ಡ ಮೀನನ್ನು ಶಿವಮೊಗ್ಗ, ದಾವಣಗೆರೆಗೆ ಕಳಿಸುತ್ತಿದ್ದರು. ಬಲೆಯ ತಳದಲ್ಲಿ ಉಳಿಯುವ ಸಣ್ಣ ಸೀಗಡಿ ಅವರಿಗೆ ಬೇಕಿರಲಿಲ್ಲ. ಅದನ್ನು ಅವ್ವ ಕೊಂಡು, ಏರಿಯ ಬಂಡೆಯ ಮೇಲೆ ಉಪ್ಪು ಹಾಕಿ ಒಣಗಿಸಿ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸಂತೆಗಳಲ್ಲಿ ಮಾರುತ್ತಿದ್ದಳು. ಅಪ್ಪ ಇರಲಿಲ್ಲ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದೆ. ಈ ಡಬ್ಬಿಯ ಕಾಲಕ್ಕೆ ನನಗೆ ಮೀಸೆ ಬಂದಿತ್ತು, ಹೊರೆ ಹೊರುವ ಹೆಗಲು ಬಂದಿತ್ತು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು.

ಮಳೆಗಾಲದಲ್ಲಿ ನಮಗೆ ಅನ್ನ ಇರುತ್ತಿರಲಿಲ್ಲ. ಒಣಗಿಸಿದ್ದು ಬೆವರುತ್ತಿತ್ತು, ಹುಳ ಬೀಳುತ್ತಿತ್ತು. ಗೋಣಿಗಟ್ಟಲೆ ತೆಗೆದು ಗೊಬ್ಬರದ ಗುಂಡಿಗೆ ಹಾಕಬೇಕಾಗುತ್ತಿತ್ತು. ಒಂದು ಮಳೆಗಾಲದಲ್ಲಿ ಅವ್ವ ಉಳಿದದ್ದನ್ನೆಲ್ಲ ಕಬ್ಬಿಣದ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಹುರಿದಳು. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಸೇರಿಸಿ ಒರಳಿನಲ್ಲಿ ಕುಟ್ಟಿದಳು. ಮಡಕೆಯಲ್ಲಿ ತುಂಬಿ ಬಾಯಿಗೆ ಬಟ್ಟೆ ಕಟ್ಟಿದಳು. ಮಳೆ ಮುಗಿದರೂ ಅದು ಕೆಡಲಿಲ್ಲ. ಬಿಸಿ ಮುದ್ದೆಯ ಜೊತೆ ಅದೊಂದಿದ್ದರೆ ಸಾರು ಬೇಕಿರಲಿಲ್ಲ.

“ಇದನ್ನ ಮಾರಾಣ ಕಣ್ಲಾ,” ಎಂದಳು ನನಗೆ.

“ಎಲೇಲಿ ಕಟ್ಟಿದ್ರೆ ಸೋರ್ತದೆ.”

“ಎಲೇಲಿ ಯಾಕೆ ಕಟ್ತೀಯ? ತಗಡಿನ ಡಬ್ಬಿ ಮಾಡಸಾಣ.”

ಚನ್ನಗಿರಿಯಲ್ಲಿ ಒಬ್ಬ ಸಾಬರು ತಗಡಿನ ಕೆಲಸ ಮಾಡುತ್ತಿದ್ದರು. ಲಾಟೀನು, ಆಲಿಕೆ, ಸೀಮೆಎಣ್ಣೆ ಅಳೆಯುವ ಮಾಪು. ಅವರ ಅಂಗಡಿಯಲ್ಲಿ ಮೊಳೆ ಹಾಕಿಡುವ ಒಂದು ಹಳೇ ಡಬ್ಬಿ ಇತ್ತು. ಅದರ ಬಣ್ಣ ಅರ್ಧ ಹೋಗಿತ್ತು. ಉಳಿದದ್ದರಲ್ಲಿ ಒಬ್ಬ ಕರಿಯ ಮನುಷ್ಯ ಇದ್ದ. ಗುಂಗುರು ಕೂದಲು, ದಪ್ಪ ತುಟಿ. ಕೈಯಲ್ಲಿ ಅಂಗೈಗಿಂತ ದೊಡ್ಡದೊಂದು ಕಪ್ಪೆಚಿಪ್ಪು ಹಿಡಿದು ನಗುತ್ತಿದ್ದ. ಸುತ್ತ ಇಂಗ್ಲಿಷ್ ಅಕ್ಷರ.

ಅವ್ವ ಮೊಳೆಯನ್ನೆಲ್ಲ ನೆಲಕ್ಕೆ ಸುರಿದು ಡಬ್ಬಿಯನ್ನು ಕೈಗೆ ತೆಗೆದುಕೊಂಡಳು.

“ಯಾರು ಸಾಬ್ರೇ ಇದು?”

“ಯಾರಿಗ್ಗೊತ್ತಮ್ಮ. ನಮ್ಮಪ್ಪ ಬ್ರಿಟಿಷ್ರ ಕಾಲದಾಗೆ ಬಂಗ್ಲೇಲಿ ಅಡಿಗೆ ಮಾಡೋರು. ಅಲ್ಲಿಂದ ಬಂದಿದ್ದು. ಸಮುದ್ರದ ಚಿಪ್ಪಿನೊಳಗಿನ ಮಾಂಸ ತುಂಬಿ ಕಳಿಸ್ತಿದ್ರಂತೆ. ದೊರೆಗಳು ಬ್ರೆಡ್ ಮ್ಯಾಲೆ ಇಟ್ಕಂಡು ತಿನ್ನೋರು. ಥೂ, ವಾಸ್ನೆ ಅಂತೆ.”

“ಕಪ್ಪೆಚಿಪ್ಪು ನಾವು ತಿಂದ್ರೆ ಆಡ್ಕಂತಾರೆ. ದೊರೆಗಳು ತಿಂದ್ರೆ ಡಬ್ಬೀಲಿ ಬರ್ತದೆ,” ಎಂದಳು ಅವ್ವ. “ಈಯಪ್ಪ ಅದರ ಯಜಮಾನ ಇರ್ಬೇಕು.”

“ಕರಿಯರಮ್ಮ ಅವರು. ಅವರನ್ನ ಹಿಡ್ಕಂಡು ಹೋಗಿ ಜೀತಕ್ಕೆ ಇಟ್ಕಂಡಿದ್ರಂತೆ. ಯಜಮಾನ ಹೆಂಗಾಗ್ತಾನೆ?”

“ಜೀತ ಬಿಟ್ಟ ಮ್ಯಾಲೆ ಆಗಿರ್ಬೋದಲ್ಲ.”

“ಆಗಿರ್ಬೋದು. ಚಿಪ್ಪು ಬಿಡ್ಸೋ ಕೆಲಸ ಎಲ್ಲಾ ಅವರದ್ದೇ ಅಂತೆ. ಒಬ್ಬಿಬ್ರು ಸ್ವಂತ ಅಂಗಡಿನೂ ಇಟ್ರು ಅಂತ ದೊರೆ ಹೇಳ್ತಿದ್ದ ಅಂತ ನಮ್ಮಪ್ಪ ಹೇಳೋರು. ನಾನೇನು ಕಂಡೆನಾ?”

ಅವ್ವನಿಗೆ ಅಷ್ಟು ಸಾಕಾಯಿತು. ಅಲ್ಲೇ ತೀರ್ಮಾನ ಮಾಡಿದಳು. “ನಂಗಿಂತ ಕರ್ರಗವ್ನೆ. ಆದ್ರೂ ಮುಖ ಹಾಕ್ಕಂಡವ್ನೆ. ನಂದೂ ಹಾಕಸ್ತೀನಿ.”

ಸಾಬರು ನಗಲಿಲ್ಲ. ಎಷ್ಟು ಅಗಲ, ಎಷ್ಟು ಎತ್ತರ ಎಂದು ಕೇಳಿ ತಗಡಿನ ಮೇಲೆ ಗೆರೆ ಎಳೆದರು. ಅವರು ಬೆಸುಗೆ ಹಾಕಿದ ಡಬ್ಬಿ ನೀರಲ್ಲಿ ಮುಳುಗಿಸಿದರೂ ಒಳಗೆ ಹನಿ ಹೋಗುತ್ತಿರಲಿಲ್ಲ.

ಡಬ್ಬಿಗೆ ಅಂಟಿಸುವ ಚೀಟಿ ಮಾಡಿಸಲು ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿಗೆ ಹೋದೆವು. ಅಲ್ಲಿದ್ದವನು ಅವ್ವನ ಫೋಟೋ ತೆಗೆಸಿ, ಹೊರಗಿನಿಂದ ಅಚ್ಚಿನ ತಗಡು ಮಾಡಿಸಿ ತಂದ. ಫೋಟೋಗೆ ಅವ್ವ ಸಂತೆಗೆ ಉಡುವ ಸೀರೆಯನ್ನೇ ಉಟ್ಟಿದ್ದಳು. ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡೇ ನಿಂತಿದ್ದಳು. ಹಣೆ ಅಗಲ, ಮೂಗು ಚಪ್ಪಟೆ, ಗಲ್ಲದ ಮೇಲೆ ಹಚ್ಚೆಯ ಚುಕ್ಕೆ. ಮುಖದ ಕೆಳಗೆ ಅವಳ ಹೆಸರು, ಅದರ ಕೆಳಗೆ ಊರು.

“ಹೆಸರ ಮುಂದೆ ಶ್ರೀಮತಿ ಅಂತ ಹಾಕ್ಲೇನಮ್ಮ?” ಎಂದು ಪ್ರೆಸ್ಸಿನವನು ಕೇಳಿದ. ತಮಾಷೆಗೆ ಕೇಳಿದನೋ ನಿಜವಾಗಿಯೋ ತಿಳಿಯಲಿಲ್ಲ.

“ಹಾಕು. ನಾನೇನು ಶ್ರೀಮತಿ ಅಲ್ವಾ?” ಎಂದಳು.

ಅವಳಿಗೆ ಓದಲು ಬರುತ್ತಿರಲಿಲ್ಲ. ನಾನು ಅಕ್ಷರ ಕೂಡಿಸಿ ಓದಿ ಹೇಳಿದೆ. ಇನ್ನೊಂದು ಸಲ ಓದು ಎಂದಳು. ಓದಿದೆ.

ಮೈದಾ ಅಂಟಿಗೆ ಮೈಲುತುತ್ತ ಬೆರೆಸಿ ಚೀಟಿ ಅಂಟಿಸುತ್ತಿದ್ದೆ. ಮೈಲುತುತ್ತ ಹಾಕದಿದ್ದರೆ ಜಿರಲೆ ಚೀಟಿ ತಿನ್ನುತ್ತದೆ. ಮುಚ್ಚಳದ ಅಂಚಿಗೆ ಮೇಣ ಕಾಯಿಸಿ ಬಿಡುತ್ತಿದ್ದೆ. ಮೊದಲೆಲ್ಲ ಬಸ್ಸಿನ ಕಂಡಕ್ಟರುಗಳು ನಮ್ಮ ಬುಟ್ಟಿಯನ್ನು ಟಾಪಿಗೆ ಹಾಕಿಸಿ, ಅವ್ವನನ್ನೂ ಹಿಂದಿನ ಬಾಗಿಲಲ್ಲಿ ನಿಲ್ಲಿಸುತ್ತಿದ್ದರು. ವಾಸನೆ ಎನ್ನುತ್ತಿದ್ದರು. ಡಬ್ಬಿಗೆ ವಾಸನೆ ಇರಲಿಲ್ಲ. ಅವ್ವ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಸೀಟಿನಲ್ಲಿ ಕೂತು ನ್ಯಾಮತಿಗೆ ಹೋದಳು. ಕಿಟಕಿ ಪಕ್ಕದ ಸೀಟು.

ನ್ಯಾಮತಿ ಸಂತೆಯಲ್ಲಿ ಡಬ್ಬಿ ಚೆನ್ನಾಗಿ ಹೋಯಿತು. ಸೂರಗೊಂಡನಕೊಪ್ಪದ ಕಡೆಯ ತಾಂಡಾದ ಹೆಂಗಸರು ಬಂದು, ಚಿತ್ರ ನೋಡಿ, ಅವ್ವನ ಮುಖ ನೋಡಿ, ಬಿದ್ದು ಬಿದ್ದು ನಕ್ಕರು. “ನೀನೇ ಇದ್ದೀಯ ಕಣೇ,” ಎಂದು ಕೊಂಡು ಹೋದರು. ಉಬ್ರಾಣಿ ಕಡೆ ಅಡಿಕೆ ಸುಲಿಯಲು ಹೋಗುವ ಹೆಂಗಸರು ಬುತ್ತಿಗೆ ಆಗುತ್ತದೆ ಎಂದು ಒಯ್ದರು. ಚನ್ನಗಿರಿಯ ಸಾಬರ ಓಣಿಯಲ್ಲಿ ಮನೆ ಮನೆಗೆ ಹೋಯಿತು. ಇವರು ಯಾರೂ ಕೇರಿ ಕೇಳಲಿಲ್ಲ. ಕೇಳುವವರ ಹತ್ತಿರ ನಾವು ಇನ್ನೂ ಡಬ್ಬಿ ಒಯ್ದಿರಲಿಲ್ಲ, ಅಷ್ಟೆ. ಒಯ್ದದ್ದು ಜಗಳೂರಿಗೆ.

ಜಗಳೂರಿನಿಂದ ಬಂದ ಮೇಲೆ ಅವ್ವ ಆ ಚೀಲ ಬಿಚ್ಚದೆ ಮೂಲೆಗೆ ಇಟ್ಟಳು. ನಾನು ಹೇಳಿದೆ, “ಊರ ಹೆಸರು ತೆಗಿಯಾಣ. ನಿನ್ನ ಹೆಸರೂ ತೆಗಿಯಾಣ. ಯಾವ್ದಾರ ದೇವ್ರ ಚಿತ್ರ ಹಾಕಾಣ. ಯಾರೂ ಕೇಳಲ್ಲ.”

“ಕದ್ದ ಮಾಲಾ ಇದು?” ಎಂದಳು.

ಅವಳ ತಪ್ಪು ಏನು ಎಂದು ಆಗ ನನಗೆ ಗೊತ್ತಾಯಿತು. ಎಲೆಯಲ್ಲಿ ಕಟ್ಟಿ ಕೊಡುವವರೆಗೆ ನಾವು ಮಾಲು ಮಾರುವವರು. ಬಾಣಲೆಗೆ ಹಾಕಿದ ಕೂಡಲೇ ಅದು ನಮ್ಮ ಮನೆಯ ಅಡಿಗೆ ಆಯಿತು. ಕೆಡದಂತೆ ಮಾಡಲು ಹೋಗಿ ಅವರ ಲೆಕ್ಕದಲ್ಲಿ ಅವಳೇ ಅದನ್ನು ಕೆಡಿಸಿದ್ದಳು.

ಹೊನ್ನಾಳಿಯಲ್ಲಿ ಹೊಳೆ ಕಡೆಯ ಬೀದಿಯಲ್ಲಿ ಒಣಮೀನಿನ ಮಂಡಿ ಇಟ್ಟಿದ್ದ ಒಬ್ಬ ಸಾಹುಕಾರ ಇದ್ದ. ಕರಾವಳಿಯಿಂದ ಲಾರಿಯಲ್ಲಿ ಮಾಲು ತರಿಸುತ್ತಿದ್ದ. ಅವನು ಒಂದು ಬೆಳಿಗ್ಗೆ ಮೋಟಾರ್ ಸೈಕಲ್ಲಿನಲ್ಲಿ ನಮ್ಮ ಕೇರಿಗೆ ಬಂದ. ಕೇರಿಗೆ ಎಂದೆ, ಕೇರಿಯ ಬಾಯಿಯವರೆಗೆ. ಅಲ್ಲಿನ ಬೇವಿನ ಮರದ ಕೆಳಗೆ ನಿಂತು ಹೇಳಿ ಕಳಿಸಿದ. ಅವ್ವ, ನಾನು ಹೋದೆವು. ಅವನ ಕೈಯಲ್ಲಿ ನಮ್ಮದೇ ಡಬ್ಬಿ ಇತ್ತು.

“ಭಾರೀ ಐತವ್ವಾ ಇದು. ಯಾರು ಹೇಳಿಕೊಟ್ರು?”

“ಯಾರೂ ಇಲ್ಲ ಸಾವ್ಕಾರ್ರೇ.”

“ನೋಡು, ನೀನು ಒಣಗ್ಸಿ ಕೊಟ್ಬಿಡು. ಹುರಿಯೋದು, ಕುಟ್ಟೋದು ನಮ್ಮ ಮನೇಲಿ ಆಗ್ಲಿ. ಡಬ್ಬಿ ಇದೇ ಇರ್ಲಿ. ಚಿತ್ರನೂ ಇರ್ಲಿ, ಜನಕ್ಕೆ ಗುರ್ತು ಹತ್ತೈತೆ. ಹೆಸ್ರು ಮಾತ್ರ ನಮ್ದು ಹಾಕ್ತೀವಿ. ಆಗ ಜಗಳೂರಲ್ಲ, ಚಿತ್ರದುರ್ಗದಾಗೂ ಹೋಗ್ತದೆ.”

“ಮುಖ ನಂದು, ಹೆಸ್ರು ನಿಮ್ದಾ?”

“ಮುಖಕ್ಕೇನು, ಯಾರ್ದಾದ್ರೂ ಒಂದು ಇರ್ಬೇಕಲ್ಲ.”

“ಹಂಗಾರೆ ನಿಮ್ಮನೇ ಅಮ್ಮಾರ್ದು ಹಾಕ್ರಿ.”

ಸಾಹುಕಾರನಿಗೆ ಮುಖ ಕೆಂಪಾಯಿತು. “ನಮ್ಮನೇ ಹೆಂಗಸ್ರು ಸಂತೇಲಿ ಮುಖ ತೋರ್ಸಲ್ಲ,” ಎಂದ.

“ನಂದು ಸಂತೇಲೇ ಇರೋ ಮುಖ. ಅದರ ಕೆಳಗೆ ನನ್ನ ಹೆಸ್ರೇ ಇರ್ಲಿ,” ಎಂದು ಅವ್ವ ತಿರುಗಿ ಬಂದಳು. ದಾರಿಯಲ್ಲಿ ನನಗೆ, “ನೀರಾದ್ರೂ ಬೇಕಾ ಅಂತ ಕೇಳ್ಬೇಕಿತ್ತು ಕಣ್ಲಾ. ಕೇಳಿದ್ರೆ ಓಡೋಗ್ತಿದ್ದ,” ಎಂದು ನಕ್ಕಳು. ಆ ವಿಷಯದಲ್ಲಿ ಅವಳು ನಕ್ಕದ್ದು ಅದೇ ಕೊನೆ.

ಮುಂದಿನ ಬೇಸಿಗೆಗೆ ಹೊನ್ನಾಳಿಯ ಅಂಗಡಿಗಳಲ್ಲಿ ಹೊಸ ಡಬ್ಬಿ ಬಂತು. ಅದೇ ಅಗಲ, ಅದೇ ಎತ್ತರ. ಮೇಲೆ ಅವ್ವ. ಪ್ರೆಸ್ಸಿನವನು ನಮ್ಮ ಅಚ್ಚಿನ ತಗಡನ್ನೇ ಸಾಹುಕಾರನಿಗೆ ಕೊಟ್ಟಿದ್ದ. ಅದರ ಅಚ್ಚು ನೋಡಿ ಯಾರೋ ಹೊಸ ಚಿತ್ರ ಬರೆದು ಬಣ್ಣದಲ್ಲಿ ಹಾಕಿಸಿದ್ದರು. ಮೈಬಣ್ಣ ಗೋಧಿ ಬಣ್ಣವಾಗಿತ್ತು. ಗಲ್ಲದ ಹಚ್ಚೆ ಹೋಗಿತ್ತು. ಮೂಗಿಗೆ ಬೊಟ್ಟು, ಹಣೆಗೆ ಕಾಸಗಲ ಕುಂಕುಮ, ಕೈತುಂಬ ಹಸಿರು ಬಳೆ ಬಂದಿದ್ದವು. ತಲೆಯ ಮೇಲಿನ ಬುಟ್ಟಿ ಹೋಗಿ ಸೆರಗು ಬಂದಿತ್ತು. ಆದರೆ ಹಣೆ ಅವಳದೇ. ಕಣ್ಣು ಅವಳದೇ. ಕೆಳಗೆ ಸಾಹುಕಾರನ ಮನೆತನದ ಹೆಸರು. ಅದರ ಕೆಳಗೆ, ಶುದ್ಧವಾದ ಮನೆಯ ಶುಚಿಯಾದ ಕೈರುಚಿ ಎಂದು.

ನಾನು ಮೊದಲು ಪ್ರೆಸ್ಸಿಗೆ ಹೋದೆ.

“ತಗಡು ಪ್ರೆಸ್ಸಿನದು ಕಣಯ್ಯ. ನೀವು ಕೊಂಡಿದ್ದು ಚೀಟಿ,” ಎಂದ ಪ್ರೆಸ್ಸಿನವನು. ಅವನು ಹೇಳಿದ್ದು ನಿಜವೋ ಸುಳ್ಳೋ ಇವತ್ತಿಗೂ ನನಗೆ ಗೊತ್ತಿಲ್ಲ. ಆ ಮಾತು ಮೊದಲೇ ಆಗಬೇಕು ಎಂದು ಗೊತ್ತಿರುವವರು ನಮ್ಮಲ್ಲಿ ಯಾರೂ ಇರಲಿಲ್ಲ.

ಅಲ್ಲಿಂದ ಹೊನ್ನಾಳಿಗೆ ಹೋದೆ. ಸಾಹುಕಾರ ಮಂಡಿಯ ಕಟ್ಟೆಯ ಮೇಲೆ ಕೂತಿದ್ದ. ನಾನು ಕೆಳಗೆ ರಸ್ತೆಯಲ್ಲಿ ನಿಂತಿದ್ದೆ.

“ಇದು ನಮ್ಮವ್ವ,” ಎಂದೆ.

ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ. “ನಿಮ್ಮವ್ವ ಇಷ್ಟು ಲಕ್ಷಣವಾಗವ್ಳೇನೋ?” ಎಂದ. ಮಂಡಿಯಲ್ಲಿ ಮೂಟೆ ಹೊಲಿಯುತ್ತಿದ್ದವರು ನಕ್ಕರು. ಅವರಲ್ಲಿ ಇಬ್ಬರು ನಮ್ಮ ಜನವೇ.

“ಕಣ್ಣು ನೋಡ್ರಿ.”

“ಎಲ್ಲಾ ಹೆಂಗಸ್ರಿಗೂ ಎರಡು ಕಣ್ಣು ಇರ್ತವೆ. ಹೋಗು, ಹೋಗು. ನಿಮ್ಮವ್ವನೇ ಅಂತ ಸಾರ್ಕಂಡು ಬಾ ಬೇಕಾದ್ರೆ. ಜನ ನಿನ್ನ ಮಾತು ನಂಬಿದ್ರೆ ನನ್ನ ಡಬ್ಬಿ ಹೋಗಲ್ಲ. ನಿಮ್ದಂತೂ ಮೊದಲೇ ಹೋಗಲ್ಲ. ಯಾರಿಗೇನು ಬಂತು?”

ಕೈ ಎತ್ತಬೇಕು ಅನ್ನಿಸಿತು. ಎತ್ತಲಿಲ್ಲ. ಎತ್ತಿದ್ದರೆ ನನ್ನನ್ನು ಕಟ್ಟಿ ಹಾಕುತ್ತಿದ್ದರು, ಆಮೇಲೆ ಅವ್ವ ಬಂದು ಆ ಕಟ್ಟೆಯ ಕೆಳಗೆ ನಿಲ್ಲಬೇಕಾಗುತ್ತಿತ್ತು.

ನಮ್ಮ ಡಬ್ಬಿಯ ವ್ಯಾಪಾರ ಮೆಲ್ಲಗೆ ನಿಂತಿತು. ನ್ಯಾಮತಿಯಲ್ಲೂ ಬಣ್ಣದ ಡಬ್ಬಿ ಬಂದ ಮೇಲೆ ನಮ್ಮ ಕಪ್ಪು ಬಿಳುಪು ಚೀಟಿಯನ್ನು ಜನ ನಕಲಿ ಎಂದರು. ನಕಲಿ ನಾವಾದೆವು. ತಾಂಡಾದ ಕೆಲವು ಹೆಂಗಸರು ಮಾತ್ರ ಬಹಳ ದಿನ ನಮ್ಮನ್ನೇ ಹುಡುಕಿಕೊಂಡು ಬಂದರು. ಅವರೊಬ್ಬರಿಂದಲೇ ತಗಡಿನ ಖರ್ಚು ಹುಟ್ಟುತ್ತಿರಲಿಲ್ಲ. ಸಾಬರು ಉದ್ರಿ ಮಾಡಿಕೊಡುತ್ತೇನೆ ಎಂದರು. ಅವ್ವ ಬೇಡ ಎಂದಳು. ತಿರುಗಿ ಮುತ್ತುಗದ ಎಲೆಗೆ ಬಂದೆವು. ತಿರುಗಿ ಬಸ್ಸಿನ ಟಾಪಿಗೆ ಬುಟ್ಟಿ ಹತ್ತಿತು.

ಅಷ್ಟರಲ್ಲಿ ಸಾಹುಕಾರನಿಂದ ಒಬ್ಬ ಮನುಷ್ಯ ಬಂದ. ಅವನ ಮಂಡಿಯಲ್ಲಿ ಮೂಟೆ ಹೊಲಿಯುವ ನಮ್ಮ ಜನದವನೇ. ಮನೆಯೊಳಗೆ ಬಂದು ಕೂತ. ಸಾಹುಕಾರನ ಮನೆಯಲ್ಲಿ ಪುಡಿ ಸರಿ ಬರುತ್ತಿಲ್ಲ ಎಂದ. ಉರಿ ಹೆಚ್ಚಾಗಿ ಹೊತ್ತುತ್ತಿದೆ, ಇಲ್ಲವೇ ಹಸಿ ಉಳಿದು ಬೂಸಲು ಹಿಡಿಯುತ್ತಿದೆ ಎಂದ.

“ಮಂಡಿ ಹಿತ್ಲಾಗೆ ಒಂದು ಶೆಡ್ ಹಾಕವ್ರೆ ಚಿಕ್ಕವ್ವಾ. ನೀನು ಬಂದು ಹುರ್ದು ಕೊಟ್ರೆ ಸಾಕಂತೆ. ಹಿಂದಿನ ಬಾಗ್ಲಿಂದ ಬಂದು ಹಿಂದಿನ ಬಾಗ್ಲಿಂದ ಹೋಗೋದು. ಯಾರ ಹತ್ರನೂ ಬಾಯಿ ಬಿಡಬಾರ್ದು. ದಿನದ ಕೂಲಿ ಚೆನ್ನಾಗಿ ಕೊಡ್ತಾರೆ.”

“ಅವರ ಜನ ನನ್ನ ಕೈಯಿಂದ ತಿಂತಾರಾ?”

“ಗೊತ್ತಾದ್ರೆ ತಾನೇ?”

ನಾನು ಅವನನ್ನು ಕುತ್ತಿಗೆ ಹಿಡಿದು ಹೊರಗೆ ಹಾಕಲು ಎದ್ದೆ. ಅವ್ವ ನನ್ನನ್ನು ಕೂರಿಸಿದಳು. ಅವಳು ಸಿಟ್ಟಾಗಲಿಲ್ಲ. ಬಂದವನಿಗೆ ಅನ್ನ ಹಾಕಿ, ಅವನು ಉಂಡು ಕೈ ತೊಳೆದ ಮೇಲೆ ಹೇಳಿದಳು.

“ಬರ್ತೀನಿ ಅಂತ ಹೇಳು. ಮುಂದಿನ ಬಾಗ್ಲಿಂದ ಬರ್ತೀನಿ. ಡಬ್ಬಿ ಮ್ಯಾಲೆ ನನ್ನ ಹೆಸ್ರು ಹಾಕ್ಬೇಕು. ಹಾಕಿದ್ರೆ ಕೂಲಿ ಅವರು ಏನು ಕೊಟ್ರೂ ಸರಿ.”

“ಆಗಲ್ಲ ಚಿಕ್ಕವ್ವಾ. ನಿಂಗೂ ಗೊತ್ತು.”

“ಹಂಗಾರೆ ಅವರ ಮನೆಯೋರೇ ಹುರೀಲಿ.”

ಅವನು ಹೋದ. ನನಗೆ ಆಗ ಒಂದು ಆಸೆ ಇತ್ತು. ಆ ಪುಡಿ ಹೊತ್ತಿ, ಬೂಸಲು ಹಿಡಿದು, ಜನ ಡಬ್ಬಿಗಳನ್ನು ತಂದು ಸಾಹುಕಾರನ ಕಟ್ಟೆಯ ಮೇಲೆ ಸುರಿಯುತ್ತಾರೆ ಎಂದುಕೊಂಡಿದ್ದೆ. ಅವ್ವನೂ ಅದನ್ನೇ ಕಾಯುತ್ತಿದ್ದಳು ಎಂದು ಕಾಣುತ್ತದೆ. ಪ್ರತಿ ಸಂತೆಯಲ್ಲೂ ಅಂಗಡಿ ಕಡೆ ಕಣ್ಣು ಹಾಕುತ್ತಿದ್ದಳು.

ಎಂಬತ್ತರ ನಂತರದ ಒಂದು ಬೇಸಿಗೆ. ಜಗಳೂರು ಸಂತೆ. ಬಿಸಿಲಿಗೆ ಗೋಣಿಚೀಲದ ನೆರಳು ಮಾಡಿಕೊಂಡು ಕೂತಿದ್ದೆವು. ಒಬ್ಬ ಹೆಂಗಸು ಬಂದಳು. ಒಳ್ಳೆ ಸೀರೆ, ಜೊತೆಗೆ ಸೊಸೆ. ಒಣಸೀಗಡಿ ಆರಿಸಿ ಆರಿಸಿ ಹಾಕಿಸಿಕೊಂಡಳು. ಅವಳ ಕೈಚೀಲದಲ್ಲಿ ಬಣ್ಣದ ಡಬ್ಬಿ ಇತ್ತು.

“ಆ ಪುಡಿ ಹೆಂಗೈತಮ್ಮಾ?” ಎಂದು ಅವ್ವ ಕೇಳಿದಳು.

“ಈಚೀಚೆಗೆ ಸುಟ್ಟಂಗೆ ಇರ್ತೈತೆ. ಕಹಿ. ಏನ್ಮಾಡದು, ಒಳ್ಳೇರ ಮನೇದು, ಧೈರ್ಯವಾಗಿ ತಿನ್ಬೋದು,” ಎಂದು ಆ ಹೆಂಗಸು ಡಬ್ಬಿ ತೆಗೆದು ನೋಡಿದಳು. ಆಮೇಲೆ ಅವ್ವನನ್ನು ನೋಡಿದಳು. ಮತ್ತೆ ಡಬ್ಬಿ ನೋಡಿದಳು. “ಏ, ಇಲ್ನೋಡೇ,” ಎಂದು ಸೊಸೆಯನ್ನು ಕರೆದಳು. “ಈಯಮ್ಮ ಥೇಟ್ ಇವಳಂಗೇ ಅವ್ಳಲ್ಲೇ. ಬಣ್ಣ ಒಂದು ಬಿಟ್ರೆ.”

“ನಾನೇ ಅದು,” ಎಂದಳು ಅವ್ವ.

ಇಬ್ಬರೂ ನಕ್ಕರು. ಕೆಟ್ಟ ನಗೆಯಲ್ಲ. ಮಕ್ಕಳು ಏನಾದರೂ ಹೇಳಿದರೆ ದೊಡ್ಡವರು ನಗುತ್ತಾರಲ್ಲ, ಹಾಗೆ.

“ಆಸೆ ನೋಡು ಇವಳ್ದು,” ಎಂದಳು ಆ ಹೆಂಗಸು. “ನೀನಾಗಿದ್ರೆ ನಾನ್ಯಾಕವ್ವಾ ತಿಂತಿದ್ದೆ?”

ಅವ್ವ ಎಲೆಯ ಪೊಟ್ಟಣವನ್ನು ನೆಲದ ಮೇಲೆ ಇಟ್ಟಳು. ಆ ಹೆಂಗಸು ಬಗ್ಗಿ ತೆಗೆದುಕೊಂಡು ಚೀಲದಲ್ಲಿ ಡಬ್ಬಿಯ ಪಕ್ಕ ಇಟ್ಟು ಹೋದಳು. ಆ ಡಬ್ಬಿ ಈಗಲೂ ಬರುತ್ತದೆ. ಸುಟ್ಟಿದ್ದರೂ ಹೋಗುತ್ತದೆ. ಅವ್ವ ಮನೆಯಲ್ಲೂ ಹುರಿಯುವುದನ್ನು ಬಿಟ್ಟಳು.

ಇಷ್ಟೇ. ನನ್ನ ಹತ್ತಿರ ಬೇರೆ ಏನೂ ಇಲ್ಲ ಹೇಳಲು.